ಬಿಸಿನೆಸ್ ಅಂದರೆ ಯಾವ ಬಿಸಿನೆಸ್? ಬ್ರಿಟನ್‌ಗೆ ಹೊರಟ ಕೋಲಾರದವರಿಗೆ

ನಮ್ಮಪ್ಪ ಮೊದಲ ಸಲ ಇಂಗ್ಲೆಂಡಿಗೆ ಬಂದಾಗ ಇಮಿಗ್ರೇಶನ್ ಕೌಂಟರಿನಲ್ಲಿದ್ದ ಹೆಂಗಸು ಪಾಸ್‌ಪೋರ್ಟ್ ತಿರುವುತ್ತಾ "ಬಿಸಿನೆಸ್?" ಅಂತ ಕೇಳಿದರು. ಅಪ್ಪನಿಗೆ ಚೆನ್ನಾಗಿ ಗೊತ್ತಿದ್ದ ಇಂಗ್ಲಿಷ್ ಪದ ಅದು. ಕೋಲಾರದ ಎಪಿಎಂಸಿಯಲ್ಲಿ ಮೂವತ್ತು ವರ್ಷ ಟೊಮೇಟೊ ಮಂಡಿ ನಡೆಸಿದವರು. "ಯೆಸ್, ಬಿಸಿನೆಸ್" ಅಂದುಬಿಟ್ಟರು.

ಯಾವ ಬಿಸಿನೆಸ್, ಯಾರನ್ನು ನೋಡಬೇಕು, ಯಾವ ಕಂಪನಿ ಅಂತ ಒಂದರ ಮೇಲೊಂದು ಪ್ರಶ್ನೆ ಬಂತು. ಪಕ್ಕದ ಬೆಂಚಿನಲ್ಲಿ ಕೂರಿಸಿದರು. ನಾನು ಹೊರಗೆ ಕಾಯುತ್ತಿದ್ದೆ. ಕೊನೆಗೆ ಫೋನಿನಲ್ಲಿ ಕನ್ನಡ ಬರುವವರೊಬ್ಬರು ಸಿಕ್ಕಿ ಮಾತು ತಿಳಿಯಾಯಿತು. ಆಕೆ ಕೇಳಿದ್ದು "ಬಂದ ಕೆಲಸ ಏನು" ಅಂತ. ಅಪ್ಪ ಹೇಳಿದ್ದು "ನಾನು ಮಾಡುವ ಕೆಲಸ ಏನು" ಅಂತ. ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ದಯವಿಟ್ಟು ಇದೊಂದು ಮಾತು ಕಲಿಸಿ ಕಳಿಸಿ: "ಟು ಸೀ ಮೈ ಸನ್." ಮಗಳಾದರೆ "ಡಾಟರ್". ಅಷ್ಟು ಸಾಕು.

ನಮ್ಮ ಕಡೆ "ಬಿಸಿನೆಸ್ ಮಾಡ್ತಾನೆ" ಅಂದರೆ ಒಬ್ಬರ ಕೈಕೆಳಗೆ ಇಲ್ಲ ಅಂತ. ಅಂಗಡಿ ಇರಬಹುದು, ಮಂಡಿ ಇರಬಹುದು, ಸೈಟು ಕೊಡಿಸುವವನೂ ಆಗಿರಬಹುದು. ನರಸಾಪುರದ ಫ್ಯಾಕ್ಟರಿಗಳಿಗೆ ಬಸ್ಸಿನಲ್ಲಿ ಹೋಗಿಬರುವವನು "ಕಂಪನಿಗೆ ಹೋಗ್ತಾನೆ". ನಮ್ಮ ವ್ಯವಹಾರ ಅನ್ನೋ ಪದವೂ ಹೀಗೇ ಅಲ್ವಾ? ದುಡ್ಡಿನ ಲೆಕ್ಕಕ್ಕೂ ಅದೇ, "ಅವರಿಗೂ ನಮಗೂ ವ್ಯವಹಾರ ಇಲ್ಲ" ಅನ್ನುವಾಗಲೂ ಅದೇ. ಇಂಗ್ಲಿಷಿನ ಬಿಸಿನೆಸ್ ಹುಟ್ಟಿದ್ದು ಬ್ಯುಸಿ ಅನ್ನುವ ಪದದಿಂದ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಕಾಳಜಿ, ಚಿಂತೆ ಅನ್ನುವ ಅರ್ಥವೂ ಇತ್ತು. ವ್ಯಾಪಾರ ಅನ್ನುವ ಅರ್ಥ ಆಮೇಲೆ ಅಂಟಿಕೊಂಡಿತು. ಬ್ರಿಟನ್‌ನಲ್ಲಿ ಆ ಪದ ಒಂದೊಂದು ಫಾರಂನಲ್ಲಿ ಒಂದೊಂದು ಅರ್ಥ ಕೊಡುತ್ತದೆ. ಟಿಕ್ ಹಾಕುವ ಮುಂಚೆ ಇದು ಯಾವ ಬಿಸಿನೆಸ್ ಅಂತ ನೋಡಲೇಬೇಕು.

ಹೋದ ಸಲ ಊರಿಗೆ ಹೋದಾಗ ಪಕ್ಕದ ಮನೆಯ ಹುಡುಗ ಬಂದು ಕೂತ. ಎಂಎಸ್ಸಿ ಇಂಟರ್‌ನ್ಯಾಷನಲ್ ಬಿಸಿನೆಸ್ ಓದಲು ಹೊರಟಿದ್ದ. "ಅಣ್ಣಾ, ಓದ್ತಾ ಓದ್ತಾ ಅಲ್ಲೇ ಸಣ್ಣದಾಗಿ ಒಂದು ಬಿಸಿನೆಸ್ ಶುರು ಮಾಡ್ಬಹುದಾ?" ಅಂದ. "ಬೇಡ ಕಣಪ್ಪ, ಮಾಡೋ ಹಾಗಿಲ್ಲ" ಅಂದೆ. ಅವನಿಗೆ ನಂಬಿಕೆಯೇ ಬರಲಿಲ್ಲ. ಕಲಿಸುವುದೇ ಬಿಸಿನೆಸ್, ಮಾಡಬೇಡ ಅಂದರೆ ಹೇಗೆ?

ಆದರೆ ಸ್ಟೂಡೆಂಟ್ ವೀಸಾದ ನಿಯಮ ಅದೇ. ಡಿಗ್ರಿ ಮಟ್ಟದ ಓದಿನವರು ಕ್ಲಾಸು ನಡೆಯುವ ದಿನಗಳಲ್ಲಿ ವಾರಕ್ಕೆ ಹೆಚ್ಚೆಂದರೆ 20 ಗಂಟೆ ನೌಕರಿ ಮಾಡಬಹುದು. ಸ್ವಂತದ್ದು ಅಂತ ಏನನ್ನೂ ಮಾಡುವಂತಿಲ್ಲ. ಕಂಪನಿ ತೆಗೆದು ಡೈರೆಕ್ಟರ್ ಆಗಿ ಅದರಲ್ಲಿ ಕೆಲಸ ಮಾಡುವ ಹಾಗೂ ಇಲ್ಲ. ಹುಡುಗರು ಜಾಸ್ತಿ ಎಡವುವುದು ಊಟ ಡೆಲಿವರಿಯಲ್ಲಿ. ಸೈಕಲ್ ಮೇಲೆ ಡಬ್ಬ ಕಟ್ಟಿಕೊಂಡು ಓಡಾಡುವುದು ನೋಡಲು ಕೂಲಿ ಕೆಲಸದ ಹಾಗಿರುತ್ತದೆ. ಕಾಗದದ ಮೇಲೆ ಆ ರೈಡರ್ ಸಾಮಾನ್ಯವಾಗಿ ಸ್ವಂತ ಬಿಸಿನೆಸ್ ಮಾಡುವವನು. ಇನ್ನೊಬ್ಬರ ಅಕೌಂಟ್ ಬಾಡಿಗೆಗೆ ತೆಗೆದುಕೊಂಡರೆ ಇನ್ನೂ ಅಪಾಯ. ಸಿಕ್ಕಿಬಿದ್ದರೆ ವೀಸಾ ಹೋಗುತ್ತದೆ, ಅಪ್ಪ ಜಮೀನಿನ ಮೇಲೆ ತಂದ ಸಾಲ ಉಳಿಯುತ್ತದೆ. ನಾನು ಆ ಹುಡುಗನಿಗೆ ಹೇಳಿದ ಸುಲಭದ ಗುರುತು ಇದು: ಅವರು ನಿನಗೆ ಪೇಸ್ಲಿಪ್ ಕೊಟ್ಟರೆ ನೌಕರಿ. ನೀನು ಅವರಿಗೆ ಬಿಲ್ ಕಳಿಸಬೇಕಾದರೆ ಅದು ಬಿಸಿನೆಸ್, ಅಲ್ಲಿಂದ ಎದ್ದು ಬಾ.

ಓದು ಮುಗಿಸಿ ಗ್ರಾಜುಯೇಟ್ ವೀಸಾ ಸಿಕ್ಕಿದ ಮೇಲೆ ಸ್ವಂತ ಕೆಲಸಕ್ಕೆ ದಾರಿ ತೆರೆಯುತ್ತದೆ. ಸ್ಕಿಲ್ಡ್ ವರ್ಕರ್ ವೀಸಾದವರ ಜೊತೆ ಡಿಪೆಂಡೆಂಟ್ ಆಗಿ ಬಂದ ಗಂಡ ಅಥವಾ ಹೆಂಡತಿಯೂ ಸ್ವಂತ ಬಿಸಿನೆಸ್ ಮಾಡಬಹುದು. ಇದು ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತೇ ಇಲ್ಲ. ಕೈಯಲ್ಲಿ ಕಸುಬು ಇಟ್ಟುಕೊಂಡು ಸುಮ್ನೆ ಮನೆಯಲ್ಲಿ ಕೂತಿರುತ್ತಾರೆ.

ಅಂಥವರಿಗೆ ಈ ಮಾತು. ನೀವು ಮನೆಯಲ್ಲಿ ಒಬ್ಬಟ್ಟು ಮಾಡಿ ಪರಿಚಯದವರಿಗೆ ಮಾರುತ್ತೀರಿ ಅಂದುಕೊಳ್ಳಿ. ಅಂಗಡಿ ಇಲ್ಲ, ಬೋರ್ಡ್ ಇಲ್ಲ. ಆದರೂ ಇಲ್ಲಿನ ಲೆಕ್ಕದಲ್ಲಿ ನೀವೇ ಬಿಸಿನೆಸ್. ಅದಕ್ಕೆ ಸೋಲ್ ಟ್ರೇಡರ್ ಅನ್ನುತ್ತಾರೆ. ಒಂದು ತೆರಿಗೆ ವರ್ಷದಲ್ಲಿ ಹೀಗೆ ಬಂದ ಹಣ 1,000 ಪೌಂಡ್ ದಾಟಿದರೆ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಗೆ ತಿಳಿಸಬೇಕು. ಇದು ಲಾಭ ಅಲ್ಲ, ಖರ್ಚು ಕಳೆಯುವ ಮುಂಚಿನ ಒಟ್ಟು ಹಣ. ವಾರಕ್ಕೆ 20 ಪೌಂಡಿನ ಒಬ್ಬಟ್ಟು ಮಾರಿದರೂ ವರ್ಷಕ್ಕೆ 1,040 ಆಗುತ್ತದೆ.

ಇಲ್ಲಿನ ತೆರಿಗೆ ವರ್ಷ ನಮ್ಮ ಹಾಗೆ ಏಪ್ರಿಲ್ 1ಕ್ಕೆ ಅಲ್ಲ, ಏಪ್ರಿಲ್ 6ಕ್ಕೆ ಶುರು. 1752ರಲ್ಲಿ ಕ್ಯಾಲೆಂಡರ್ ಬದಲಿಸಿ 11 ದಿನ ಹಾರಿಸಿದ್ದರ ಗುರುತು ಅದು. ವರ್ಷ ಮುಗಿದ ಮೇಲೆ ಅಕ್ಟೋಬರ್ 5ರೊಳಗೆ ಹೆಸರು ನೋಂದಾಯಿಸಿ. ಜನವರಿ 31ರೊಳಗೆ ಆನ್‌ಲೈನ್‌ನಲ್ಲಿ ರಿಟರ್ನ್ ಹಾಕಿ ಹಣ ಕಟ್ಟಿ. ರಿಟರ್ನ್ ತಡವಾದರೆ ಕಟ್ಟಬೇಕಾದ ತೆರಿಗೆ ಸೊನ್ನೆ ಇದ್ದರೂ 100 ಪೌಂಡ್ ದಂಡ. ಮಂಡಿಯಲ್ಲಿ ಅಪ್ಪ ಒಂದೊಂದು ಪಟ್ಟಿಯನ್ನೂ ಮೊಳೆಗೆ ಚುಚ್ಚಿ ಇಡುತ್ತಿದ್ದರು. ಹಾಗೇ ಹಿಟ್ಟಿನ ಬಿಲ್ಲು, ಬೆಲ್ಲದ ಬಿಲ್ಲು ಎಲ್ಲಾ ಎತ್ತಿಡಿ.

ಇಷ್ಟೇ ಅಲ್ಲ. ತಿಂಡಿ ಮಾರುವವರು "ಫುಡ್ ಬಿಸಿನೆಸ್". ಮಾರಲು ಶುರು ಮಾಡುವ 28 ದಿನ ಮುಂಚೆ ಇಲ್ಲಿ ನೀವಿರುವ ಊರಿನ ಕೌನ್ಸಿಲ್‌ನಲ್ಲಿ, ಅಂದರೆ ನಮ್ಮ ನಗರಸಭೆಯಂಥ ಕಚೇರಿಯಲ್ಲಿ, ನೋಂದಾಯಿಸಬೇಕು. ಅದಕ್ಕೆ ಫೀಸು ಇಲ್ಲ. ಆಮೇಲೆ ಅಧಿಕಾರಿ ಅಡುಗೆಮನೆ ನೋಡಲು ಬರುತ್ತಾರೆ. ಅಲರ್ಜಿ ತರುವ 14 ಪದಾರ್ಥಗಳ ಪಟ್ಟಿ ಇದೆ, ನಿಮ್ಮ ತಿಂಡಿಯಲ್ಲಿ ಅವು ಇದ್ದರೆ ಗಿರಾಕಿಗೆ ತಿಳಿಸಲೇಬೇಕು. ನಮ್ಮತ್ತಿಗೆ ಚಟ್ನಿಯ ಡಬ್ಬ ಮುಂದಿಟ್ಟುಕೊಂಡು ಆ ಪಟ್ಟಿ ಓದುತ್ತಾ ಕೂತಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಕಡ್ಲೆಕಾಯಿ ಬೀಜ ಇರುತ್ತೆ ಅಂತ ಗೊತ್ತಿತ್ತು. ಎಳ್ಳೂ ಇತ್ತು. ಸಾಸಿವೆ ಕಂಡಾಗ ಮಾತ್ರ ತಲೆ ಎತ್ತಿ, "ಹಂಗಾದ್ರೆ ಒಗ್ಗರಣೆನೂ ಬರೀಬೇಕಾ?" ಅಂದರು. ಬರೀಬೇಕು. ಸಾಸಿವೆಯಿಂದ ಆಸ್ಪತ್ರೆ ಸೇರುವವರು ನಿಜವಾಗಿಯೂ ಇದ್ದಾರೆ.

ಕಾರಿನ ಇನ್ಶೂರೆನ್ಸ್‌ನ ಬಿಸಿನೆಸ್ ನನಗೇ ಪಾಠ ಕಲಿಸಿತು. ಪಾಲಿಸಿ ತೆಗೆದುಕೊಳ್ಳುವಾಗ ಕಾರು ಯಾವುದಕ್ಕೆ ಅಂತ ಕೇಳುತ್ತಾರೆ. ಮನೆಯ ಓಡಾಟಕ್ಕೆ ಒಂದು, ದಿನಾ ಆಫೀಸಿಗೆ ಹೋಗಿಬರಲು ಒಂದು, ಬಿಸಿನೆಸ್‌ಗೆ ಇನ್ನೊಂದು. ನಾನು ನೌಕರ, ನನಗೆಲ್ಲಿಯ ಬಿಸಿನೆಸ್ ಅಂತ ಅದನ್ನು ಬಿಟ್ಟೆ. ಒಂದು ಸಲ ಎರಡು ವಾರ ಬೇರೆ ಊರಿನ ಆಫೀಸಿಗೆ ಹೋಗಬೇಕಾಯಿತು. ಮಳೆಯಲ್ಲಿ, ರೌಂಡಬೌಟ್ ಹತ್ತಿರ ನನ್ನ ಕಾರು ಮುಂದಿನ ಕಾರಿಗೆ ತಾಗಿತು. ಎಲ್ಲಿಗೆ ಹೋಗುತ್ತಿದ್ದಿರಿ ಅಂತ ಇನ್ಶೂರೆನ್ಸಿನವರು ಕೇಳಿದರು. ಇದ್ದದ್ದು ಹೇಳಿದೆ. ದಿನಾ ಹೋಗುವ ಒಂದೇ ಜಾಗ ಬಿಟ್ಟು ಕೆಲಸಕ್ಕಾಗಿ ಬೇರೆಡೆಗೆ ಓಡಿಸಿದರೆ ಅದೇ ಬಿಸಿನೆಸ್ ಅಂದರು. ನನ್ನ ಕಾರಿನ ರಿಪೇರಿಗೆ ಒಂದು ಪೈಸೆ ಬರಲಿಲ್ಲ. ನೀವು ಎರಡು ಆಫೀಸಿನ ನಡುವೆ ಓಡಾಡುವವರಾದರೆ ಇವತ್ತೇ ಪಾಲಿಸಿ ತೆಗೆದು ನೋಡಿ. ಕಾರಿನಲ್ಲಿ ಊಟ ತಲುಪಿಸಿ ದುಡ್ಡು ತೆಗೆದುಕೊಳ್ಳುವುದಾದರೆ ಅದಕ್ಕೆ ಮತ್ತೆ ಬೇರೆಯದೇ ಪಾಲಿಸಿ ಬೇಕು.

ಉಳಿದದ್ದು ಬೇಗ ಹೇಳುತ್ತೇನೆ. ಲಿಮಿಟೆಡ್ ಕಂಪನಿ ತೆಗೆದರೆ ಕಾನೂನಿನ ಕಣ್ಣಿಗೆ ಅದು ಬೇರೆ, ನೀವು ಬೇರೆ. ಕಂಪನಿಗಳನ್ನು ನೋಂದಾಯಿಸುವ ಸರ್ಕಾರಿ ಕಚೇರಿಯಾದ ಕಂಪನೀಸ್ ಹೌಸ್‌ನಲ್ಲಿ ಅದರ ವಿಳಾಸ ಯಾರು ಬೇಕಾದರೂ ನೋಡಬಹುದು, ಮನೆಯ ವಿಳಾಸ ಕೊಡುವ ಮುಂಚೆ ಯೋಚಿಸಿ. 12 ತಿಂಗಳ ವಹಿವಾಟು 90,000 ಪೌಂಡ್ ದಾಟಿದರೆ ವ್ಯಾಟ್ ಅನ್ನುವ ಮಾರಾಟ ತೆರಿಗೆಗೂ ನೋಂದಾಯಿಸಬೇಕು. ಬಿಸಿನೆಸ್ ರೇಟ್ಸ್ ಅನ್ನುವುದು ಅಂಗಡಿ, ಗೋಡೌನಿನಂಥ ಕಟ್ಟಡದ ಮೇಲಿನ ತೆರಿಗೆ. "ಐದು ಬಿಸಿನೆಸ್ ಡೇಸ್" ಅಂದರೆ ಶನಿವಾರ, ಭಾನುವಾರ, ಬ್ಯಾಂಕ್ ರಜೆ ಬಿಟ್ಟು ಎಣಿಸಿ. ನಮ್ಮ ಮಂಡಿಯ ಹಾಗೆ ಭಾನುವಾರವೂ ಕೆಲಸ ನಡೆಯುತ್ತದೆ ಅಂದುಕೊಂಡು ಕಾಯಬೇಡಿ.

ಮಾತಿನಲ್ಲೂ ಅದು ಬರುತ್ತದೆ. ಸಂಬಳ ಎಷ್ಟು, ಮಕ್ಕಳು ಯಾಕಿಲ್ಲ ಅಂತ ಊರಿನಲ್ಲಿ ಕೇಳುವ ಹಾಗೆ ಇಲ್ಲಿ ಕೇಳಿದರೆ "ನನ್ ಆಫ್ ಯುವರ್ ಬಿಸಿನೆಸ್" ಅನ್ನಿಸಿಕೊಳ್ಳುತ್ತೀರಿ. ನಿಮಗ್ಯಾಕೆ ಅಂತ ಅರ್ಥ. ಆಫೀಸ್ ಮೀಟಿಂಗಿನ ಕೊನೆಯಲ್ಲಿ ಮಾತ್ರ ಈ ಪದಕ್ಕೆ ಒಳ್ಳೆಯ ಜಾಗ ಇದೆ. "ಎನಿ ಅದರ್ ಬಿಸಿನೆಸ್?" ಅಂತ ಕೇಳುತ್ತಾರೆ. ಪಟ್ಟಿಯಲ್ಲಿ ಇಲ್ಲದ ಮಾತು ಏನಾದರೂ ಇದ್ದರೆ ಹೇಳಿ ಅಂತ. ಮೊದಲ ವರ್ಷ ಅದು ನನಗಲ್ಲ ಅಂತ ಸುಮ್ಮನೆ ಕೂತೆ. ತಂಗಿಯ ಮದುವೆಗೆ ನಾಲ್ಕು ವಾರ ಕೋಲಾರಕ್ಕೆ ಹೋಗಬೇಕು, ನನ್ನ ಕೆಲಸ ಯಾರು ನೋಡಿಕೊಳ್ಳುತ್ತೀರಿ ಅಂತ ನಾನು ಮೊದಲ ಸಲ ಬಾಯಿಬಿಟ್ಟು ಕೇಳಿದ್ದು ಅಲ್ಲೇ. ಮೂರು ಜನ ಕೈ ಎತ್ತಿದರು.