ಬಾಟ್ಲಿ ಒಡೆದು ಬಂದಿದೆ ಅಂತ ಕಸ್ಟಮರ್ ದುಡ್ಡು ವಾಪಸ್ ಎಳ್ಕೊಂಡಾಗ ಏನ್ ಮಾಡ್ಬೇಕು

ಶಿರಸಿ ಕಡೆ ಹಳ್ಳಿ ಮನೇಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಆನ್‌ಲೈನಲ್ಲಿ ಮಾರ್ತೀವಿ, ಎಲ್ಲಾ ಗಾಜಿನ ಬಾಟ್ಲಿ. ಇನ್‌ಸ್ಟಾಗ್ರಾಮಲ್ಲಿ ಆರ್ಡರ್ ಬರತ್ತೆ, ಪೇಮೆಂಟ್ ಲಿಂಕ್ ಕಳಿಸ್ತೀವಿ, ಕೊರಿಯರ್ ಮಾಡ್ತೀವಿ. ಮೊದಲ್ನೇ ಸಲ ಪೇಮೆಂಟ್ ಗೇಟ್‌ವೇಯಿಂದ (ಲಿಂಕಲ್ಲಿ ಕಟ್ಟಿದ ದುಡ್ಡನ್ನ ನಮಗೆ ತಲುಪಿಸೋ ಕಂಪನಿ) "ಡಿಸ್ಪ್ಯೂಟ್ ಬಂದಿದೆ, 1,840 ರೂಪಾಯಿ ತಡೆಹಿಡಿದಿದೀವಿ, ದಾಖಲೆ ಕೊಡಿ" ಅಂತ ಮೇಲ್ ಬಂದಾಗ ನಾವು ಏನ್ ಮಾಡಿದ್ವಿ ಅಂದ್ರೆ ಕೊರಿಯರ್ ವೆಬ್‌ಸೈಟಿಂದ ಡೆಲಿವರಿ ಪ್ರೂಫ್ ಇಳಿಸಿ, ಕಸ್ಟಮರ್ ಸೈನ್ ಸಮೇತ ಅಪ್‌ಲೋಡ್ ಮಾಡಿ, ಇನ್ನೇನು ಬೇಕು ಅಂತ ನಿಶ್ಚಿಂತೆಯಿಂದ ಇದ್ವಿ. ಸೋತ್ವಿ. ಯಾಕಂದ್ರೆ ಆ ಮನುಷ್ಯ ಪಾರ್ಸೆಲ್ ಬಂದೇ ಇಲ್ಲ ಅಂತ ಹೇಳಿರ್ಲಿಲ್ಲ, ಬಂದಿದೆ ಆದ್ರೆ ಒಡೆದು ಬಂದಿದೆ ಅಂತ ಹೇಳಿದ್ದು. ನಾವು ಕೊಟ್ಟ ಸಾಕ್ಷಿ ಅವನ ಮಾತನ್ನೇ ಗಟ್ಟಿ ಮಾಡ್ತು.

ಸಣ್ಣದಾಗಿ ಮಾರೋರು ನೂರಕ್ಕೆ ತೊಂಬತ್ತು ಜನ ಇಲ್ಲೇ ಎಡವೋದು ಅನ್ಸತ್ತೆ ನಂಗೆ. ತಲುಪಿದ್ದಕ್ಕೆ ಸಾಕ್ಷಿ ಬೇರೆ, ಸರಿಯಾಗಿ ತಲುಪಿದ್ದಕ್ಕೆ ಸಾಕ್ಷಿ ಬೇರೆ. ಅದಕ್ಕೇ ಇದನ್ನ ಬರೀತಾ ಇದೀನಿ.

ಮೊದ್ಲು ಇದು ಹೇಗೆ ನಡೆಯತ್ತೆ ನೋಡಿ. ಕಸ್ಟಮರ್ ತನ್ನ ಕಾರ್ಡ್ ಕೊಟ್ಟ ಬ್ಯಾಂಕಿಗೆ ದೂರು ಕೊಡ್ತಾನೆ, ಅದು ವೀಸಾನೋ ಮಾಸ್ಟರ್‌ಕಾರ್ಡೋ ರುಪೇನೋ ಆ ನೆಟ್‌ವರ್ಕ್ ಮೂಲಕ ನಮ್ಮ ಕಡೆ ಬ್ಯಾಂಕಿಗೆ ಬಂದು ಅಲ್ಲಿಂದ ಗೇಟ್‌ವೇಗೆ, ಗೇಟ್‌ವೇಯಿಂದ ನಮ್ಮ ಮೇಲ್‌ಗೆ. ಇದಕ್ಕೇ ಚಾರ್ಜ್‌ಬ್ಯಾಕ್ ಅನ್ನೋದು. ಮೇಲಲ್ಲಿ ಒಂದು ಕೋಡ್ ಇರತ್ತೆ, ಅದನ್ನ ಓದದೇ ಏನೂ ಮಾಡ್ಬೇಡಿ. ವೀಸಾದಲ್ಲಿ 13.3 ಅಂದ್ರೆ ಹೇಳಿದ ಹಾಗಿಲ್ಲ ಅಥವಾ ಹಾಳಾಗಿದೆ ಅನ್ನೋ ದೂರು, 13.1 ಅಂದ್ರೆ ಬಂದೇ ಇಲ್ಲ ಅನ್ನೋದು. ಮಾಸ್ಟರ್‌ಕಾರ್ಡಲ್ಲಿ 4853 ಅಂತ ಒಂದೇ ಕೋಡಲ್ಲಿ ಇವೆರಡೂ ಬರತ್ತೆ, ಹಾಗಾಗಿ ಕೆಳಗೆ ಬರೆದಿರೋ ವಿವರಣೆ ಓದ್ಬೇಕು. ಡೆಲಿವರಿ ಪ್ರೂಫ್ ಕೆಲ್ಸಕ್ಕೆ ಬರೋದು 13.1ಕ್ಕೆ, 13.3ಕ್ಕೆ ಅದೊಂದೇ ಸಾಲಲ್ಲ.

ಆಮೇಲೆ ಗಡುವು. ವೀಸಾದಲ್ಲಿ ಇಂಥ ದೂರಿಗೆ ಕಸ್ಟಮರ್‌ಗೆ ಮಾಲು ಕೈಗೆ ಬಂದ ದಿನದಿಂದ 120 ದಿನ ಟೈಮ್ ಇರತ್ತೆ, ನಮಗೆ ಗೇಟ್‌ವೇ ಕೊಡೋದು ಕೆಲವೇ ದಿನ. ಮೇಲಲ್ಲಿರೋ ತಾರೀಖು ದಾಟಿದ್ರೆ ಉತ್ತರನೇ ಇಲ್ಲ ಅಂತ ಲೆಕ್ಕ, ದುಡ್ಡು ಹೋಯ್ತು. ಆ ಮೇಲ್ ಪ್ರೊಮೋಷನ್ಸ್ ಫೋಲ್ಡರಲ್ಲಿ ಬಿದ್ದಿರೋದೂ ಉಂಟು, ಗೇಟ್‌ವೇ ಮೇಲ್ ಐಡಿನ ಇವತ್ತೇ ಇಂಪಾರ್ಟೆಂಟ್ ಮಾಡಿಟ್ಕೊಳ್ಳಿ.

ಇನ್ನೊಂದು ಮಾತು, ಇದನ್ನ ದಯವಿಟ್ಟು ಮರೀಬೇಡಿ. ಡಿಸ್ಪ್ಯೂಟ್ ಓಪನ್ ಆದ್ಮೇಲೆ ಗಾಬರಿಗೆ ನೀವೇ ಬೇರೆ ರಿಫಂಡ್ ಕೊಟ್ಬಿಡಬೇಡಿ. ಆ ಕಡೆ ಬ್ಯಾಂಕೂ ಎಳ್ಕೊಂಡು ಈ ಕಡೆ ನೀವೂ ಕೊಟ್ಟು ಎರಡೆರಡು ಸಲ ಹೋಗತ್ತೆ. ಕಸ್ಟಮರ್ ಹೇಳೋದು ನಿಜ ಅನ್ನಿಸಿದ್ರೆ ಗೇಟ್‌ವೇ ಡ್ಯಾಶ್‌ಬೋರ್ಡಲ್ಲಿ ಆ ಡಿಸ್ಪ್ಯೂಟನ್ನ ಅಕ್ಸೆಪ್ಟ್ ಮಾಡಿ, ಅಷ್ಟೇ. ಮೊದ್ಲೇ ರಿಫಂಡ್ ಕೊಟ್ಟಾಗಿದ್ರೆ ಆ ರಿಫಂಡಿನ ಎಆರ್‌ಎನ್ ನಂಬರ್ (ಬ್ಯಾಂಕಲ್ಲಿ ಆ ರಿಫಂಡನ್ನ ಗುರುತಿಸೋ ನಂಬರ್) ಹಾಕಿ ಉತ್ತರ ಕೊಡಿ, ಅದು ಗಟ್ಟಿ ದಾಖಲೆ.

ಈಗ ಮುಖ್ಯ ವಿಷಯ, ಅವರು ಹೇಳ್ತಿರೋದು ನಿಜನಾ ಅಲ್ವಾ ಅಂತ ನೋಡೋದು. ಜಗಳಕ್ಕೆ ಹೋಗೋ ಮುಂಚೆ ಇದನ್ನ ಪ್ರಾಮಾಣಿಕವಾಗಿ ನೋಡ್ಲೇಬೇಕು, ಯಾಕಂದ್ರೆ ಒಡೆದು ಬಂದಿರೋದು ಬಹಳ ಸಲ ನಿಜಾನೇ ಆಗಿರತ್ತೆ. ನಮ್ಮ ಉಪ್ಪಿನಕಾಯಿ ಉಪ್ಪುನೀರಲ್ಲಿ ಇರತ್ತೆ, ಅರೆದ ಖಾರ ಸಾಸಿವೆ ಎಲ್ಲಾ ಸೇರಿ ಕೆಂಪು ರಸ. ದಾರಿಲಿ ಬಾಟ್ಲಿ ಒಡೆದ್ರೆ ಆ ರಸ ಮೂರು ದಿನ ಸುಮ್ನೆ ಕೂರೋದಿಲ್ಲ, ಬಬಲ್‌ರ‍್ಯಾಪಿಂದ ಜಿನುಗಿ ಪೇಪರ್ ನೆನೆದು ರಟ್ಟಿನ ಪೆಟ್ಟಿಗೆ ತಳ ಮೆತ್ತಗಾಗಿ ಕಂದು ಕಲೆ ಅಂಚಿನ ತನಕ ಹಬ್ಬಿರತ್ತೆ, ಕೊರಿಯರ್ ಲೇಬಲ್ಲಿನ ಶಾಯಿನೂ ಕಲಸಿಹೋಗಿರತ್ತೆ. ಒಂದು ಮಳೆಗಾಲದಲ್ಲಿ ಹತ್ತು ದಿನದ ಅಂತರದಲ್ಲಿ ನಮಗೆ ಎರಡು ದೂರು ಬಂತು. ಒಬ್ರು ಮೈಸೂರಿನವರು ವಾಟ್ಸಾಪಲ್ಲೇ ಫೋಟೋ ಕಳಿಸಿದ್ರು, ಪೆಟ್ಟಿಗೆಯ ಒಂದು ಮೂಲೆ ಒಳಗೆ ಕುಸಿದಿತ್ತು, ತಳ ಎಲ್ಲಾ ಒದ್ದೆ, ನೋಡಿದ್ ತಕ್ಷಣ ಗೊತ್ತಾಯ್ತು. ನಮ್ಮ ಪ್ಯಾಕಿಂಗ್ ವಿಡಿಯೋ ನೋಡಿದ್ರೆ ಎರಡು ಬಾಟ್ಲಿ ಮಧ್ಯ ರಟ್ಟು ಹಾಕದೇ ಪಕ್ಕಪಕ್ಕ ಇಟ್ಟಿದ್ವಿ. ಅವತ್ತೇ ದುಡ್ಡು ಕಳಿಸಿದ್ವಿ.

ಇನ್ನೊಬ್ರದ್ದು ನೇರ ಚಾರ್ಜ್‌ಬ್ಯಾಕ್, ಮಾಲು ತಲುಪಿ ನಲವತ್ತು ದಿನ ಆದ್ಮೇಲೆ. ಜೊತೆಗಿದ್ದ ಫೋಟೋದಲ್ಲಿ ಬಾಟ್ಲಿ ಒಡೆದು ಮಿಡಿ ಎಲ್ಲಾ ಟೈಲ್ಸ್ ಮೇಲೆ ಬಿದ್ದಿದೆ, ಪಕ್ಕದಲ್ಲಿ ಪೆಟ್ಟಿಗೆ ಬಾಯಿ ತೆಗೆದಿದೆ, ಒಳಗಿನ ತಳ ಕಾಣ್ತಿದೆ, ಒಣಗಿದ ರಟ್ಟು, ಒಂದು ಹನಿ ಕಲೆ ಇಲ್ಲ. ಬಬಲ್‌ರ‍್ಯಾಪ್ ಕತ್ತರಿಯಿಂದ ನೀಟಾಗಿ ಕತ್ತರಿಸಿ ಬದಿಗಿಟ್ಟಿದೆ, ಅದಕ್ಕೂ ಖಾರ ಮೆತ್ತಿಲ್ಲ. ಅಂದ್ರೆ ಬಾಟ್ಲಿ ಪೆಟ್ಟಿಗೆಯಿಂದ ಆಚೆ ಬಂದ್ಮೇಲೆ ಒಡೆದಿದ್ದು. ಕೈ ಜಾರಿರಬಹುದು, ಮಕ್ಕಳು ಬೀಳಿಸಿರಬಹುದು, ನಮಗೆ ಗೊತ್ತಿಲ್ಲ. ಅವರ ಫೋಟೋನೇ ನಮಗೆ ಸಾಕ್ಷಿ ಆಯ್ತು.

ಉತ್ತರ ಬರೆಯೋವಾಗ ಕಸ್ಟಮರ್ ಸುಳ್ಳು ಹೇಳ್ತಿದಾನೆ, ಮೋಸಗಾರ ಅಂತ ಒಂದು ಅಕ್ಷರನೂ ಬರೀಬೇಡಿ. ಎಷ್ಟೇ ಕೋಪ ಬಂದಿರ್ಲಿ. ಅದನ್ನ ಓದೋ ವ್ಯಕ್ತಿ ನಮ್ಮ ಬಾಟ್ಲಿ ಕಂಡಿಲ್ಲ, ಅಪ್ಪೆಮಿಡಿ ಅಂದ್ರೇನು ಅಂತಲೂ ಗೊತ್ತಿರಲ್ಲ, ದಿನಕ್ಕೆ ಇಂಥವು ಎಷ್ಟೋ ಓದ್ಬೇಕು ಅವರಿಗೆ, ಹಾಗಾಗಿ ಒಂದು ಪುಟದ ಪತ್ರ, ಫೋಟೋಗಳಿಗೆ ನಂಬರ್, ಅಷ್ಟೇ ಸಾಕು. ಇಂಗ್ಲಿಷಲ್ಲಿ ಬರೀಬೇಕಾಗತ್ತೆ, ನಾವು ಬರೆದಿದ್ದರ ಸಾರ ಹೀಗಿತ್ತು: ಇಂಥ ದಿನ ಈ ಆರ್ಡರ್ ಪ್ಯಾಕ್ ಆಯ್ತು, ವಿಡಿಯೋದಿಂದ ತೆಗೆದ ಚಿತ್ರ 1 ಮತ್ತು 2ರಲ್ಲಿ ಪೂರ್ತಿ ಬಾಟ್ಲಿ ಮತ್ತು ಅದೇ ಲೇಬಲ್ ನಂಬರ್ ಕಾಣತ್ತೆ. ಇಂಥ ದಿನ ಡೆಲಿವರಿ ಆಗಿದೆ, ತಗೊಳ್ಳೋವಾಗ ಪೆಟ್ಟಿಗೆ ಹಾಳಾಗಿದೆ ಅಂತ ಷರಾ ಬರೆದಿಲ್ಲ. ಗ್ರಾಹಕರು ಕೊಟ್ಟಿರೋ ಚಿತ್ರ 3ರಲ್ಲಿ ಪೆಟ್ಟಿಗೆಯ ಒಳತಳ ಒಣಗಿದೆ, 500 ಗ್ರಾಂ ಬಾಟ್ಲಿಯ ರಸ ದಾರಿಲಿ ಚೆಲ್ಲಿದ್ರೆ ಹೀಗಿರೋದು ಸಾಧ್ಯ ಇಲ್ಲ, ಹೋಲಿಕೆಗೆ ನಿಜವಾಗಿ ಸೋರಿದ ಇನ್ನೊಂದು ಪೆಟ್ಟಿಗೆಯ ಚಿತ್ರ 4 ನೋಡಿ. ವಿಷಯ ಗೊತ್ತಾದ ದಿನವೇ ನಾವು ವಾಪಸ್ ಪಿಕಪ್ ಮಾಡಿಸ್ತೀವಿ ಅಥವಾ ಹೊಸ ಬಾಟ್ಲಿ ಕಳಿಸ್ತೀವಿ ಅಂತ ಮೆಸೇಜ್ ಮಾಡಿದೀವಿ, ಉತ್ತರ ಬಂದಿಲ್ಲ, ಚಿತ್ರ 5.

ಆ ಕೊನೇ ಸಾಲಿಗೆ ತುಂಬಾ ತೂಕ ಇದೆ. ವೀಸಾ ನಿಯಮದಲ್ಲಿ ಹಾಳಾದ ಮಾಲಿನ ದೂರು ನಿಲ್ಬೇಕಾದ್ರೆ ಕಸ್ಟಮರ್ ಮೊದ್ಲು ಮಾರಿದವರ ಹತ್ರ ಬಗೆಹರಿಸ್ಕೊಳ್ಳೋಕೆ ನೋಡಿರ್ಬೇಕು, ಮಾಲು ವಾಪಸ್ ಕೊಟ್ಟಿರ್ಬೇಕು ಅಥವಾ ಕೊಡೋಕೆ ಪ್ರಯತ್ನ ಮಾಡಿರ್ಬೇಕು. ನೀವು ವಾಪಸ್ ಕೇಳಿದ್ದು, ಅವರು ಕೊಡದೇ ಇದ್ದಿದ್ದು ಬರಹದಲ್ಲಿ ಇದ್ರೆ ಅದು ನಿಮ್ಮ ಬಲ. ಅದಕ್ಕೇ ಫೋನಲ್ಲಿ ಮಾತಾಡಿ ಮುಗಿಸ್ಬೇಡಿ, ಮಾತಾಡಿದ್ರೂ ಆಮೇಲೆ "ಈಗ ಮಾತಾಡಿದ ಹಾಗೆ ನಾಳೆ ಪಿಕಪ್ ಕಳಿಸ್ತೀವಿ" ಅಂತ ಒಂದು ಮೆಸೇಜ್ ಹಾಕಿ. ಈ ಕೇಸ್ ನಾವು ಗೆದ್ವಿ, ದುಡ್ಡು ಬರೋಕೆ ಹತ್ತತ್ರ ಎರಡು ತಿಂಗಳು ಹಿಡೀತು.

ಕೆಲವರು ಬಯೋದಲ್ಲಿ "ಗಾಜಿನ ಐಟಂ, ನೋ ರಿಟರ್ನ್ ನೋ ರಿಫಂಡ್" ಅಂತ ಬರ್ಕೊಂಡಿರ್ತಾರೆ. ಅದು ನಿಲ್ಲಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷ ಇರೋ ಮಾಲನ್ನ ವಾಪಸ್ ತಗೊಳ್ಳಲ್ಲ, ದುಡ್ಡು ಕೊಡಲ್ಲ ಅನ್ನೋ ಹಾಗಿಲ್ಲ. ಅನ್‌ಬಾಕ್ಸಿಂಗ್ ವಿಡಿಯೋ ಇಲ್ಲದಿದ್ರೆ ಕ್ಲೇಮ್ ಇಲ್ಲ ಅನ್ನೋದೂ ನೀವು ಹಾಕಿದ ಕಂಡೀಷನ್, ಬ್ಯಾಂಕಿನ ಕಂಡೀಷನ್ ಅಲ್ಲ. ಕೇಳೋದ್ರಲ್ಲಿ ತಪ್ಪೇನಿಲ್ಲ, ದುಡ್ಡು ಕಟ್ಟೋ ಮುಂಚೆ ಕಾಣೋ ಹಾಗೆ ಹಾಕಿ, ಪೆಟ್ಟಿಗೆ ಮೇಲೂ ಸ್ಟಿಕ್ಕರ್ ಅಂಟಿಸಿ, ಆದ್ರೆ ವಿಡಿಯೋ ಇಲ್ಲ ಅನ್ನೋ ಒಂದೇ ಕಾರಣಕ್ಕೆ ನಿಜವಾದ ದೂರನ್ನ ತಳ್ಳಿಹಾಕ್ಬೇಡಿ. ಕೊರಿಯರ್‌ನವರನ್ನ ಕೇಳ್ಕೊಳ್ಳಿ ಅಂತ ಕಸ್ಟಮರ್‌ಗೆ ಹೇಳೋದಂತೂ ಬೇಡವೇ ಬೇಡ, ಕೊರಿಯರ್ ಬುಕ್ ಮಾಡಿದ್ದು ನಾವು.

ಪ್ಯಾಕಿಂಗ್ ವಿಡಿಯೋ ಬಗ್ಗೆ. ಒಂದೇ ಶಾಟ್, ಕಟ್ ಇರ್ಬಾರ್ದು. ನಾವು ಮೇಜಿನ ಮೇಲೆ ಫೋನ್ ಸ್ಟ್ಯಾಂಡಿಗೆ ಹಾಕಿ ಮೊದ್ಲು ಎಡಬ್ಲ್ಯೂಬಿ ನಂಬರ್ (ಕೊರಿಯರ್‌ನವರ ಟ್ರ್ಯಾಕಿಂಗ್ ನಂಬರ್) ಇರೋ ಲೇಬಲ್ ತೋರಿಸ್ತೀವಿ, ಬಾಟ್ಲಿ ತಿರುಗಿಸಿ ತೋರಿಸಿ ತಲೆಕೆಳಗು ಮಾಡಿ ಮುಚ್ಚಳ ಸೋರಲ್ಲ ಅಂತ ತೋರಿಸ್ತೀವಿ, ಸುತ್ತಿ ಒಳಗಿಟ್ಟು ಟೇಪ್ ಹಾಕಿ ಅದೇ ಲೇಬಲ್ ಅಂಟಿಸಿ ತಕ್ಕಡಿ ಮೇಲೆ ಇಟ್ಟು ತೂಕ ಕಾಣಿಸಿ ಮುಗಿಸ್ತೀವಿ. ಎರಡು ನಿಮಿಷದ ಕೆಲ್ಸ. ಫೈಲಿಗೆ ಎಡಬ್ಲ್ಯೂಬಿ ನಂಬರೇ ಹೆಸರು, ಇಲ್ಲಾಂದ್ರೆ ನಾಲ್ಕು ತಿಂಗಳಾದ್ಮೇಲೆ ಹುಡುಕೋಕಾಗಲ್ಲ. ಆರು ತಿಂಗಳ ತನಕ ಡಿಲೀಟ್ ಮಾಡಲ್ಲ.

ವಿದೇಶದ ಆರ್ಡರ್ ಪೇಪಾಲಲ್ಲಿ ತಗೊಳ್ಳೋರು ಇನ್ನೂ ಹುಷಾರಾಗಿರ್ಬೇಕು. 2021ರ ಏಪ್ರಿಲ್ 1ರಿಂದ ಅದು ನಮ್ಮ ದೇಶದೊಳಗಿನ ಪೇಮೆಂಟ್ ಬಿಟ್ಟು ಹೊರದೇಶದ್ದು ಮಾತ್ರ ನೋಡ್ಕೊಳ್ಳತ್ತೆ. ಅಲ್ಲಿ ಕಸ್ಟಮರ್‌ಗೆ 180 ದಿನ ಟೈಮು, ಡಿಸ್ಪ್ಯೂಟ್ ಹೋಗಿ ಕ್ಲೇಮ್ ಆದ್ರೆ ನಿಮಗೆ ಉತ್ತರಕ್ಕೆ 10 ದಿನ. ಅವರ ಸೆಲ್ಲರ್ ಪ್ರೊಟೆಕ್ಷನ್ ಹೇಳಿದ ಹಾಗಿಲ್ಲ, ಹಾಳಾಗಿದೆ ಅನ್ನೋ ದೂರುಗಳಿಗೆ ಅನ್ವಯಿಸಲ್ಲ, ಮಾಲು ಬಂದಿಲ್ಲ ಮತ್ತು ನಾನು ಪೇಮೆಂಟ್ ಮಾಡೇ ಇಲ್ಲ ಅನ್ನೋದಕ್ಕೆ ಮಾತ್ರ. ಅಮೆಜಾನ್ ಫ್ಲಿಪ್‌ಕಾರ್ಟಲ್ಲಿ ಮಾರೋರ ದಾರಿ ಬೇರೆ, ರಿಟರ್ನ್ ಬಂದ ಪಾರ್ಸೆಲ್ಲನ್ನ ವಿಡಿಯೋ ಆನ್ ಮಾಡ್ಕೊಂಡೇ ಬಿಚ್ಚಿ, ಅದನ್ನಿಟ್ಕೊಂಡು ಮಾರೋರು ಪರಿಹಾರ ಕೇಳೋ ಕ್ಲೇಮು ಹಾಕ್ಬೇಕು, ಅಮೆಜಾನಲ್ಲಿ ಅದಕ್ಕೆ ಸೇಫ್-ಟಿ, ಫ್ಲಿಪ್‌ಕಾರ್ಟಲ್ಲಿ ಎಸ್‌ಪಿಎಫ್ ಅಂತಾರೆ.

ಇನ್ನು ಕೊರಿಯರ್. ಕಸ್ಟಮರ್ ಜೊತೆಗಿನ ವ್ಯವಹಾರ ಒಂದು, ಕೊರಿಯರ್ ಜೊತೆಗಿನದ್ದು ಇನ್ನೊಂದು, ಎರಡನ್ನ ಗಂಟು ಹಾಕ್ಬೇಡಿ. ಮೈಸೂರಿನವರಿಗೆ ದುಡ್ಡು ಕೊಟ್ಟ ದಿನವೇ ನಾವು ಕೊರಿಯರ್‌ಗೆ ದೂರು ಹಾಕಿದ್ವಿ, ಪ್ಯಾಕಿಂಗ್ ಸರಿ ಇಲ್ಲ ಅಂತ ತಿರಸ್ಕಾರ ಆಯ್ತು, ರಟ್ಟು ಹಾಕಿರ್ಲಿಲ್ವಲ್ಲ, ಒಪ್ಕೊಂಡ್ವಿ. ಆದ್ರೆ ಪ್ಯಾಕಿಂಗ್ ಸರಿ ಇದ್ದಾಗ ಬಿಡ್ಬೇಡಿ. 2007ರ ರಸ್ತೆ ಸಾಗಣೆ ಕಾಯ್ದೆಯಲ್ಲಿ ಕೊರಿಯರ್ ಏಜೆನ್ಸಿನೂ ಬರತ್ತೆ. ಬುಕ್ ಮಾಡಿದ ದಿನದಿಂದ 180 ದಿನದೊಳಗೆ ನಷ್ಟದ ನೋಟಿಸ್ ಬರಹದಲ್ಲಿ ಕೊಡದಿದ್ರೆ ಮುಂದೆ ಕೋರ್ಟಿಗೂ ಹೋಗೋಕಾಗಲ್ಲ. ಹೆಚ್ಚಿನ ಬೆಲೆ ಘೋಷಿಸಿ ಅದಕ್ಕೆ ತಕ್ಕ ಹೆಚ್ಚುವರಿ ದರ ಕಟ್ಟದಿದ್ರೆ ಪರಿಹಾರ ಸಾಗಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಂತುಹೋಗತ್ತೆ, ಅಂದ್ರೆ 90 ರೂಪಾಯಿ ಬಾಡಿಗೆಗೆ 900. ನಿಮ್ಮ ಪೆಟ್ಟಿಗೇಲಿ ಮೂರು ಸಾವಿರದ ಮಾಲಿದ್ರೆ ಬುಕಿಂಗ್ ಟೈಮಲ್ಲೇ ಬೆಲೆ ಘೋಷಿಸಿ ರಿಸ್ಕ್ ಚಾರ್ಜ್ ಕಟ್ಟಿ. ಅಗ್ರಿಗೇಟರ್ (ಬೇರೆಬೇರೆ ಕೊರಿಯರ್‌ಗಳನ್ನ ಒಂದೇ ಆಪಲ್ಲಿ ಬುಕ್ ಮಾಡಿಸೋರು) ಮೂಲಕ ಬುಕ್ ಮಾಡಿದ್ರೆ ಅವರ ಆಪಲ್ಲಿ ದೂರಿನ ಗಡುವು ಇನ್ನೂ ತುಂಬಾ ಕಮ್ಮಿ ಇರತ್ತೆ, ಕಸ್ಟಮರ್ ಮೆಸೇಜ್ ಬಂದ ಗಳಿಗೆಲೇ ಒಡೆದ ಮಾಲು, ಪೆಟ್ಟಿಗೆಯ ಆರೂ ಬದಿ, ಲೇಬಲ್ ಇಷ್ಟರ ಫೋಟೋ ಕೇಳಿ ಇಸ್ಕೊಳ್ಳಿ, ಪೆಟ್ಟಿಗೆ ಬಿಸಾಡ್ಬೇಡಿ ಅಂತ ಮೊದಲ್ನೇ ಸಾಲಲ್ಲೇ ಹೇಳಿ. ತುಂಬಾ ಜನ ಅದನ್ನ ಅವತ್ತೇ ಕಸದ ಗಾಡಿಗೆ ಹಾಕ್ಬಿಡ್ತಾರೆ.