ಎಲ್ಲವನ್ನೂ 24ರಿಂದ ಭಾಗಿಸಿ ನೋಡಿ: ಕಾರ್ ಮಾಡೆಲ್ ಕಟ್ಟುವ ನನ್ನ ಅನುಭವ

ಡಬ್ಬಿಯಲ್ಲಿ ಬರುವ ಪ್ಲಾಸ್ಟಿಕ್ ಭಾಗಗಳ ಕಿಟ್ ಜೋಡಿಸಿ, ನಿಜವಾದ ಕಾರಿನ 24ನೇ ಒಂದು ಭಾಗದಷ್ಟಿರುವ ಸ್ಕೇಲ್ ಮಾಡೆಲ್ ಕಟ್ಟುವುದು ನನ್ನ ಹವ್ಯಾಸ. ಕಟ್ಟುವಾಗ ಏನೇ ಅನುಮಾನ ಬಂದರೂ ನಾನು ಮೊದಲು ಮಾಡುವ ಕೆಲಸ ಒಂದೇ. ನಿಜವಾದ ಕಾರಿನ ಅಳತೆ ತಗೊಂಡು 24ರಿಂದ ಭಾಗಿಸುತ್ತೇನೆ. ಬಣ್ಣ ಎಷ್ಟು ದಪ್ಪ ಇರಬೇಕು, ಎಂಜಿನ್ನಿಗೆ ಹಾಕುವ ವೈರ್ ಎಷ್ಟು ಸಣ್ಣ ಇರಬೇಕು, ಸೀಟ್ ಬೆಲ್ಟ್ ಎಷ್ಟು ಅಗಲ ಕತ್ತರಿಸಬೇಕು, ಎಲ್ಲದಕ್ಕೂ ಉತ್ತರ ಅಲ್ಲೇ ಸಿಗುತ್ತದೆ. ಡಬ್ಬಿಯೊಳಗಿನ ಸೂಚನಾ ಹಾಳೆ ಯಾವ ಭಾಗ ಎಲ್ಲಿಗೆ ಅಂತ ಮಾತ್ರ ಹೇಳುತ್ತದೆ. ಕೊನೆಗೆ ಅದು ಆಟಿಕೆ ಥರ ಕಾಣುತ್ತದೋ, ಕಾರಿನ ಥರ ಕಾಣುತ್ತದೋ ಅನ್ನೋದನ್ನು ಈ ಭಾಗಾಕಾರ ತೀರ್ಮಾನಿಸುತ್ತದೆ.

ಮೊದಲು ಅಳತೆಗಳ ಬಗ್ಗೆ ಎರಡು ಮಾತು. 1/24 ಅಂದರೆ ನಿಜವಾದ ಕಾರಿನ ಒಂದು ಅಡಿಗೆ ಮಾಡೆಲಿನಲ್ಲಿ ಅರ್ಧ ಇಂಚು. ಟಮಿಯಾ, ಫುಜಿಮಿ, ಅಓಶಿಮಾ, ಹಸೆಗಾವಾ, ಹೀಗೆ ಜಪಾನಿನ ಕಂಪನಿಗಳ ರಸ್ತೆ ಕಾರುಗಳು ಹೆಚ್ಚಾಗಿ ಈ ಅಳತೆಯಲ್ಲಿ ಬರುತ್ತವೆ. ಅಮೆರಿಕದ ಎಎಂಟಿ, ಎಂಪಿಸಿ ಕಿಟ್‌ಗಳು ಬಹುಪಾಲು 1/25. ನಾಲ್ಕೂವರೆ ಮೀಟರ್ ಉದ್ದದ ಕಾರು 1/24ರಲ್ಲಿ 187.5 ಮಿ.ಮೀ., 1/25ರಲ್ಲಿ 180 ಮಿ.ಮೀ. ಆಗುತ್ತದೆ. ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ, ಬೇರೆ ಬೇರೆ ಕಪಾಟಿನಲ್ಲಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಫಾರ್ಮುಲಾ ಒನ್ ಕಾರುಗಳಿಗೆ 1/20 ಹೆಚ್ಚು ಪ್ರಚಲಿತ. 1/12 ನೋಡಲು ಭವ್ಯವಾಗಿರುತ್ತದೆ, ಆದರೆ ಜಾಗ ತಿನ್ನುತ್ತದೆ. ನಾನು 1/24ಕ್ಕೇ ಅಂಟಿಕೊಂಡಿದ್ದೇನೆ.

ಸೂಚನಾ ಹಾಳೆ ಸಾಮಾನ್ಯವಾಗಿ ಎಂಜಿನ್ ಇಲ್ಲವೇ ಚಾಸಿಯಿಂದ ಶುರುವಾಗುತ್ತದೆ. ನಾನು ಬಾಡಿಯಿಂದ ಶುರು ಮಾಡುತ್ತೇನೆ. ಬಾಡಿಯ ಬಣ್ಣ ಗಟ್ಟಿಯಾಗಲು ಜಾಸ್ತಿ ಸಮಯ ಬೇಕು. ಅದು ಒಣಗುತ್ತಿರುವಾಗ ಉಳಿದ ಕೆಲಸವೆಲ್ಲ ಮುಗಿಸಬಹುದು. ಮೊದಲು ಎಲ್ಲ ಭಾಗಗಳನ್ನೂ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು ಒಣಗಿಸುತ್ತೇನೆ. ಅಚ್ಚಿನಿಂದ ಬಂದ ಜಿಡ್ಡು ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಆಮೇಲೆ ಬಾಡಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತೇನೆ. ಅಚ್ಚಿನ ಎರಡು ಭಾಗ ಸೇರಿದ ಕಡೆ ಕೂದಲೆಳೆಯಂಥ ಗೆರೆ ಇರುತ್ತದೆ. ಹೆಚ್ಚಾಗಿ ಫೆಂಡರಿನ ಮೇಲೆ, ಛಾವಣಿಯ ಅಂಚಿನಲ್ಲಿ. 600, ಆಮೇಲೆ 1000 ನಂಬರಿನ ಸ್ಯಾಂಡ್‌ಪೇಪರಿನಿಂದ ಅದನ್ನು ಪೂರ್ತಿ ತೆಗೆಯಬೇಕು. ನಿಜವಾದ ಕಾರಿನಲ್ಲಿ ಇಲ್ಲದ ಗೆರೆ ಮಾಡೆಲಿನಲ್ಲೂ ಇರಬಾರದು.

ಇರಬೇಕಾದ ಗೆರೆಗಳ ಕಥೆ ಬೇರೆ. ಬಾಗಿಲು, ಬಾನೆಟ್, ಡಿಕ್ಕಿಯ ಸುತ್ತ ಇರುವ ಸಂದು ನಿಜವಾದ ಕಾರಿನಲ್ಲಿ ಸುಮಾರು 4 ಮಿ.ಮೀ. ಅದನ್ನು 24ರಿಂದ ಭಾಗಿಸಿದರೆ 0.17 ಮಿ.ಮೀ. ಕೂಡ ಆಗುವುದಿಲ್ಲ. ಈಗ ಬಣ್ಣದ ಲೆಕ್ಕ ನೋಡಿ. ಪ್ರೈಮರ್ ಅನ್ನುವ ತಳಪದರ, ಬಣ್ಣ, ಮೇಲೆ ಹಾಕುವ ಪಾರದರ್ಶಕ ಕ್ಲಿಯರ್ ಎಲ್ಲ ಸೇರಿ ಮಾಡೆಲಿನ ಮೇಲೆ ಸುಲಭವಾಗಿ 0.1 ಮಿ.ಮೀ. ಕೂರುತ್ತದೆ. ಸಂದಿನ ಎರಡೂ ಗೋಡೆಗೆ ಅಷ್ಟಷ್ಟು ಬಣ್ಣ ಬಿದ್ದರೆ ಸಂದು ಮುಚ್ಚಿಯೇ ಹೋಗುತ್ತದೆ. ಇನ್ನೊಂದು ಕಡೆಯಿಂದಲೂ ನೋಡಬಹುದು. ಮಾಡೆಲಿನ 0.1 ಮಿ.ಮೀ. ಬಣ್ಣ ಅಂದರೆ ನಿಜವಾದ ಕಾರಿಗೆ 2.4 ಮಿ.ಮೀ. ದಪ್ಪ ಪೇಂಟ್ ಬಳಿದ ಹಾಗೆ. ಕಾರ್ಖಾನೆಯಿಂದ ಬರುವ ಕಾರಿನ ಮೇಲೆ ಇರುವುದು ಸುಮಾರು 0.1ರಿಂದ 0.15 ಮಿ.ಮೀ. ಅಷ್ಟೇ. ಅಂಚುಗಳು ಮೊಂಡಾಗಿ, ಬಾಗಿಲಿನ ಗೆರೆ ಮಸುಕಾಗಿ ಕಾಣುವ ಮಾಡೆಲ್ ಯಾಕೆ ಹಾಗೆ ಕಾಣುತ್ತದೆ ಅನ್ನೋದು ಈ ಲೆಕ್ಕದಿಂದಲೇ ಅರ್ಥವಾಗುತ್ತದೆ.

ಅದಕ್ಕೇ ನಾನು ಬಣ್ಣ ಹಚ್ಚುವ ಮೊದಲೇ ಎಲ್ಲ ಸಂದುಗಳನ್ನೂ ಸ್ಕ್ರೈಬರಿನಿಂದ, ಅಂದರೆ ಗೆರೆ ಕೊರೆಯುವ ಚೂಪು ಮೊನೆಯ ಉಪಕರಣದಿಂದ, ಇನ್ನಷ್ಟು ಆಳ ಮಾಡಿಕೊಳ್ಳುತ್ತೇನೆ. ಅಗಲ ಅಲ್ಲ, ಆಳ. ಕೈಯ ಭಾರ ಹಾಕದೆ, ಉಪಕರಣದ ಭಾರದಲ್ಲೇ ಒಂದೇ ದಿಕ್ಕಿನಲ್ಲಿ ಮತ್ತೆ ಮತ್ತೆ ಎಳೆಯಬೇಕು. ಸುರುಳಿ ಸುತ್ತಿದ ಸಣ್ಣ ಎಳೆಯಾಗಿ ಪ್ಲಾಸ್ಟಿಕ್ ಎದ್ದು ಬರುತ್ತಿದ್ದರೆ ಸರಿಯಾಗಿ ನಡೆಯುತ್ತಿದೆ ಅಂತ ಅರ್ಥ. ಪುಡಿ ಉದುರುತ್ತಿದ್ದರೆ ಮೊನೆ ಮೊಂಡಾಗಿದೆ. ಪ್ರೈಮರ್ ಆದ ಮೇಲೆ ಇನ್ನೊಮ್ಮೆ, ಬಣ್ಣ ಆದ ಮೇಲೆ ಅಗತ್ಯ ಬಿದ್ದರೆ ಇನ್ನೊಮ್ಮೆ. ಇಡೀ ಹವ್ಯಾಸದಲ್ಲಿ ನನಗೆ ಅತ್ಯಂತ ಇಷ್ಟವಾದ ಕೆಲಸ ಇದು. ಯಾವ ಸದ್ದೂ ಇಲ್ಲದೆ, ಅವಸರವಿಲ್ಲದೆ ಕಾರಿನ ಆಕಾರ ಬೆರಳಿಗೆ ಪರಿಚಯವಾಗುತ್ತದೆ.

ಪ್ರೈಮರಿನ ಬಣ್ಣವೂ ಮುಖ್ಯ. ಹಳದಿಗೆ ಬಿಳಿ, ಕೆಂಪಿಗೆ ಗುಲಾಬಿ ಪ್ರೈಮರ್ ಹಾಕಿದರೆ ಮೇಲಿನ ಬಣ್ಣ ತೆಳುವಾಗಿದ್ದರೂ ತುಂಬಿಕೊಂಡು ಕಾಣುತ್ತದೆ. ಕೆಳಗೆ ಬೂದು ಇದ್ದರೆ ಹಳದಿ ಹೊಳಪಾಗಲು ಪದರದ ಮೇಲೆ ಪದರ ಹಾಕುತ್ತಲೇ ಹೋಗಬೇಕು, ಮತ್ತೆ ದಪ್ಪದ ಸಮಸ್ಯೆ. ಕಿಟ್ಟಿನ ಪ್ಲಾಸ್ಟಿಕ್ಕೇ ಕೆಂಪಾಗಿದ್ದು ಮೇಲೆ ಬಿಳಿ ಬೇಕಿದ್ದರೆ ನಡುವೆ ಸಿಲ್ವರ್ ಪದರ ಹಾಕುತ್ತೇನೆ. ಇಲ್ಲದಿದ್ದರೆ ಕೆಂಪು ನಿಧಾನವಾಗಿ ಮೇಲಕ್ಕೆ ಜಿನುಗಿ ಬಿಳಿಯನ್ನು ಗುಲಾಬಿ ಮಾಡುತ್ತದೆ.

ಸ್ಪ್ರೇ ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಚೆನ್ನಾಗಿ ಕುಲುಕಿ, 15ರಿಂದ 20 ಸೆ.ಮೀ. ದೂರದಿಂದ ಹೊಡೆಯುತ್ತೇನೆ. ಬಿಸಿನೀರು ಬೇಡವೇ ಬೇಡ, ಡಬ್ಬಿ ಸಿಡಿಯುತ್ತದೆ. ಮೊದಲ ಪದರ ಬರೀ ಮಂಜು ಬಿದ್ದ ಹಾಗೆ, ಕೆಳಗಿನ ಬಣ್ಣ ಕಾಣುತ್ತಿರಬೇಕು. ಒದ್ದೆ ಪದರ ಕೊನೆಗೆ. ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನ ಲ್ಯಾಕರ್, ಅಂದರೆ ದ್ರಾವಕ ಆರಿ ಬೇಗ ಒಣಗುವ ಬಣ್ಣ, ಮುಟ್ಟುವುದೇ ಇಲ್ಲ. ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ನೀರು ಅದರ ಮೇಲೆ ಕೂರುತ್ತದೆ, ಬಣ್ಣ ಬೆಳ್ಳಗೆ ಮಂಕಾಗುತ್ತದೆ.

ಮೆಟಾಲಿಕ್ ಬಣ್ಣದಲ್ಲೂ ಅದೇ ಭಾಗಾಕಾರ. ನಿಜವಾದ ಕಾರಿನ ಪೇಂಟಿನ ಅಲ್ಯೂಮಿನಿಯಂ ಕಣಗಳನ್ನು ಹಾಗೇ ಮಾಡೆಲಿಗೆ ಹಾಕಿದರೆ ಒಂದೊಂದೂ ಅರ್ಧ ಮಿಲಿಮೀಟರಿನ ಮಿನುಗಿನ ಹಾಗೆ ಎದ್ದು ಕಾಣುತ್ತದೆ. ಅದಕ್ಕೇ ಕಾರ್ ರಿಪೇರಿಗೆ ಮಾರುವ ಟಚಪ್ ಪೇಂಟಿಗಿಂತ ಮಾಡೆಲಿಗೆಂದೇ ನುಣ್ಣಗೆ ಅರೆದ ಮೆಟಾಲಿಕ್ ಬಣ್ಣ ಒಳ್ಳೆಯದು.

ಕ್ಲಿಯರ್ ಕೋಟಿನ ವಿಷಯದಲ್ಲಿ ನನ್ನ ನಿಲುವು ಗಟ್ಟಿ. ಎರಡು ಭಾಗ ಬೆರೆಸುವ ಯುರೇಥೇನ್ ಕ್ಲಿಯರ್ ಗಾಜಿನಂತೆ ಹೊಳೆಯುತ್ತದೆ, ನಿಜ. ಆದರೆ ಅದನ್ನು ಗಟ್ಟಿಯಾಗಿಸುವ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಶ್ವಾಸಕೋಶಕ್ಕೆ ಅದು ನೇರ ಅಪಾಯ. ಮನೆಯ ಕೋಣೆಯಲ್ಲಿ ಕೆಲಸ ಮಾಡುವ ನಾನು ಅದನ್ನು ಬಳಸುವುದಿಲ್ಲ. ಲ್ಯಾಕರ್ ಕ್ಲಿಯರನ್ನೇ ತೆಳುವಾಗಿ ಹಾಕಿ, ಒಂದೆರಡು ವಾರ ಮುಟ್ಟದೆ ಬಿಟ್ಟು, ಆಮೇಲೆ 2000 ನಂಬರಿನ ಕಾಗದದಿಂದ ನೀರು ಹಾಕಿ ಉಜ್ಜಿ, ಪಾಲಿಶಿಂಗ್ ಕಾಂಪೌಂಡಿನಿಂದ ಹೊಳಪು ತರುತ್ತೇನೆ. ಲ್ಯಾಕರಿಗೂ ಆವಿಯ ಫಿಲ್ಟರ್ ಇರುವ ಮಾಸ್ಕ್, ತೆರೆದ ಕಿಟಕಿ ಎರಡೂ ಬೇಕು. ಪಾಲಿಶ್ ಮಾಡುವಾಗ ಬಾಡಿಯ ಚೂಪು ಅಂಚುಗಳ ಮೇಲೆ ತೆಳುವಾದ ಮಾಸ್ಕಿಂಗ್ ಟೇಪ್ ಅಂಟಿಸಿಕೊಳ್ಳಿ. ಬಣ್ಣ ಮೊದಲು ಸವೆಯುವುದು ಅಲ್ಲೇ.

ಬಾಡಿ ಒಣಗುವಾಗ ಒಳಗಿನ ಕೆಲಸ. ಸ್ಪಾರ್ಕ್ ಪ್ಲಗ್ಗಿನ ವೈರ್ 7 ಅಥವಾ 8 ಮಿ.ಮೀ. ಇರುತ್ತದೆ, ಹಾಗಾಗಿ ಮಾಡೆಲಿಗೆ 0.3 ಮಿ.ಮೀ. ಸೀಟ್ ಬೆಲ್ಟಿನ ಪಟ್ಟಿ ಸುಮಾರು 48 ಮಿ.ಮೀ., ಹಾಗಾಗಿ 2 ಮಿ.ಮೀ. ಅಗಲ ಕತ್ತರಿಸಿದರೆ ಸಾಕು. ಮಾಡೆಲನ್ನು 30 ಸೆ.ಮೀ. ದೂರದಿಂದ ನೋಡುವುದು ಅಂದರೆ ನಿಜವಾದ ಕಾರನ್ನು 7 ಮೀಟರಿಗೂ ಆಚೆಯಿಂದ ನೋಡಿದಂತೆ. ಅಷ್ಟು ದೂರದಿಂದ ಟೈರ್ ಅಪ್ಪಟ ಕಪ್ಪಾಗಿ ಕಾಣುವುದಿಲ್ಲ ಅಲ್ವಾ? ನಾನು ಟೈರಿನ ಮೇಲ್ಮೈಯನ್ನು ಸ್ಯಾಂಡ್‌ಪೇಪರಿನಿಂದ ಲಘುವಾಗಿ ಉಜ್ಜಿ ಹೊಳಪು ತೆಗೆಯುತ್ತೇನೆ. ಗ್ರಿಲ್, ಚಾಸಿಗಳಿಗೂ ಶುದ್ಧ ಕಪ್ಪಿನ ಬದಲು ಕಡು ಬೂದು.

ಕ್ರೋಮ್ ಭಾಗಗಳು ಇನ್ನೊಂದು ತಲೆನೋವು. ಕಿಟ್ಟಿನಲ್ಲಿ ಬರುವ ಕ್ರೋಮ್ ಅಂದರೆ ನಿರ್ವಾತದಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಕೂರಿಸಿದ ತೀರಾ ತೆಳುವಾದ ಅಲ್ಯೂಮಿನಿಯಂ. ಅಚ್ಚಿನ ಗೆರೆ ಅದರ ಅಡಿಯಲ್ಲೇ ಉಳಿದಿರುತ್ತದೆ, ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಫ್ರೇಮಿನಿಂದ ಕತ್ತರಿಸಿದ ಕಡೆ ಬರಿ ಪ್ಲಾಸ್ಟಿಕ್ ಕಾಣುತ್ತದೆ. ಬಂಪರಿನಂಥ ದೊಡ್ಡ ಭಾಗವಾದರೆ ಮನೆಯಲ್ಲಿ ಬಳಸುವ ಬ್ಲೀಚಿನಲ್ಲಿ ಮುಳುಗಿಸಿ ಕ್ರೋಮ್ ತೆಗೆದುಬಿಡುತ್ತೇನೆ. ಕೈಗವಸು ಬೇಕು, ಬ್ಲೀಚಿನ ಜೊತೆ ಬೇರೆ ಯಾವ ಕ್ಲೀನರನ್ನೂ ಬೆರೆಸಬಾರದು. ಆಮೇಲೆ ಗೆರೆ ಉಜ್ಜಿ, ಹೊಳಪಿನ ಕಪ್ಪು ಬಳಿದು, ಅದರ ಮೇಲೆ ಕ್ರೋಮ್ ಪೇಂಟ್. ಕಪ್ಪಿನ ಹೊಳಪು ಎಷ್ಟು ನುಣುಪೋ ಕ್ರೋಮ್ ಅಷ್ಟೇ ಚೆನ್ನಾಗಿ ಬರುತ್ತದೆ. ಕಿಟಕಿಯ ಸುತ್ತಲಿನ ಸಣ್ಣ ಪಟ್ಟಿಗಳಿಗೆ ಬೇರ್-ಮೆಟಲ್ ಫಾಯಿಲ್ ಅನ್ನುವ, ಹಿಂದೆ ಅಂಟಿರುವ ತೆಳು ಲೋಹದ ಹಾಳೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಡೆಕಾಲ್, ಅಂದರೆ ಲೋಗೋ, ನಂಬರುಗಳ ತೆಳು ಸ್ಟಿಕ್ಕರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೀರಲ್ಲಿ ಅದ್ದಿ, ಜಾರಿಸಿ ಕೂರಿಸಿ, ಮೇಲೆ ಅದನ್ನು ಮೆತ್ತಗಾಗಿಸುವ ಸಾಫ್ಟ್ನರ್ ದ್ರವ ಹಚ್ಚಿ. ಸಾಫ್ಟ್ನರ್ ಬಿದ್ದ ಮೇಲೆ ಡೆಕಾಲ್ ಸುಕ್ಕುಗಟ್ಟುತ್ತದೆ. ಗಾಬರಿಯಿಂದ ಬೆರಳು ಹಾಕಬೇಡಿ, ಒಣಗುತ್ತಾ ತಾನೇ ಚಪ್ಪಟೆಯಾಗುತ್ತದೆ. ಗಾಜಿನ ಭಾಗಗಳಿಗೆ (ಮಾಡೆಲಿನಲ್ಲಿ ಅವು ಪಾರದರ್ಶಕ ಪ್ಲಾಸ್ಟಿಕ್) ಸೂಪರ್ ಗ್ಲೂ ಬೇಡ, ಅದರ ಆವಿ ಬಿಳಿ ಮಂಜಿನಂತೆ ಕೂರುತ್ತದೆ. ನೀರಿನಲ್ಲಿ ಕರಗುವ ಬಿಳಿ ಅಂಟು ಸಾಕು.

ಇನ್ನು ಸಂಗ್ರಹ. ಕಿಟ್ಟಿನ ಹಿಂದೆ ಎಷ್ಟು ಶ್ರಮ ಇರುತ್ತದೆ ಅನ್ನೋದು ಗೊತ್ತಾದ ಮೇಲೆ ಡಬ್ಬಿಗಳ ಮೇಲಿನ ಗೌರವವೇ ಬೇರೆಯಾಗುತ್ತದೆ. ಟಮಿಯಾ 1976ರಲ್ಲಿ 1/12 ಅಳತೆಯ ಪೋರ್ಷೆ 934 ಹೊರತಂದಿತು. 934 ಅಂದರೆ 911ರ ರೇಸಿಂಗ್ ರೂಪ. ಅದಕ್ಕಾಗಿ ಕಂಪನಿಯ ಸ್ಥಾಪಕರ ಮಗ ಶುನ್‌ಸಾಕು ಟಮಿಯಾ ಒಂದು ಪೋರ್ಷೆ 911 ಕಾರನ್ನೇ ಕೊಂಡು ಬಿಚ್ಚಿಸಿ ನೋಡಿದರು. 1946ರಲ್ಲಿ ಜಪಾನಿನ ಶಿಜುವೊಕಾ ಎಂಬ ಊರಿನಲ್ಲಿ ಮರದ ವ್ಯಾಪಾರದಿಂದ ಶುರುವಾದ ಕಂಪನಿ ಅದು. ಅಂಥ ಕಿಟ್ಟಿನ ಎಂಜಿನ್ ಭಾಗಗಳು ಒಂದಕ್ಕೊಂದು ಹೊಂದುವ ರೀತಿ ನೋಡಿದರೆ ಆ ಶ್ರಮ ಅರ್ಥವಾಗುತ್ತದೆ.

ಸಿಕ್ಕಿದ್ದೆಲ್ಲ ಕೊಳ್ಳುವ ಬದಲು ನಾನು ಒಂದು ಎಳೆ ಹಿಡಿದಿದ್ದೇನೆ: 1970 ಮತ್ತು 80ರ ದಶಕದ ರ‍್ಯಾಲಿ ಮತ್ತು ಟೂರಿಂಗ್ ಕಾರುಗಳು. ಎಳೆ ಇದ್ದರೆ ಯಾವುದನ್ನು ಬಿಡಬೇಕು ಅನ್ನೋದು ಸುಲಭ. ನಿಂತುಹೋದ ಕಿಟ್ ಅಂತ ದುಬಾರಿ ಬೆಲೆ ಕೊಡುವ ಮೊದಲು ಕಾಯುವುದು ಒಳ್ಳೆಯದು, ಹಳೆಯ ಅಚ್ಚುಗಳಿಂದ ಮತ್ತೆ ಮತ್ತೆ ಮರುಮುದ್ರಣ ಬರುತ್ತಲೇ ಇರುತ್ತದೆ. ರೇಸ್ ಕಾರ್ ಕೊಳ್ಳುವವರು ಡೆಕಾಲ್ ಹಾಳೆ ನೋಡಿಯೇ ಕೊಳ್ಳಬೇಕು. ತಂಬಾಕು ಕಂಪನಿಗಳ ಲೋಗೋ ಹಲವು ಕಿಟ್‌ಗಳಲ್ಲಿ ಇರುವುದಿಲ್ಲ. 1988ರಲ್ಲಿ 16ರಲ್ಲಿ 15 ರೇಸ್ ಗೆದ್ದ ಫಾರ್ಮುಲಾ ಒನ್ ಕಾರು ಮ್ಯಾಕ್ಲಾರೆನ್ ಎಂಪಿ4/4 ಕಟ್ಟಬೇಕಾದರೂ ಆ ಲೋಗೋಗಳನ್ನು ಬೇರೆಯವರು ಮಾಡಿದ ಹಾಳೆಯಿಂದ ತರಬೇಕಾಗುತ್ತದೆ.

ಹಳೆಯ ಡಬ್ಬಿ ಕೈಗೆ ಬಂದ ಕೂಡಲೇ ನಾನು ಎರಡು ಕೆಲಸ ಮಾಡುತ್ತೇನೆ. ಡೆಕಾಲ್ ಹಾಳೆಯನ್ನು ಗಾಳಿಯಾಡದ ಕವರಿಗೆ ಹಾಕುತ್ತೇನೆ. ಹಳದಿಯಾಗಿದ್ದರೆ ಅದೇ ಕವರನ್ನು ಬಿಸಿಲು ಬೀಳುವ ಕಿಟಕಿಗೆ ಕೆಲವು ದಿನ ಅಂಟಿಸಿಟ್ಟರೆ ಬಣ್ಣ ತಿಳಿಯಾಗುತ್ತದೆ. ಎರಡನೆಯದು, ಟೈರುಗಳನ್ನು ಬೇರೆ ಕವರಿಗೆ ಹಾಕುವುದು. ವಿನೈಲ್ ಟೈರನ್ನು ಮೆತ್ತಗಿಡಲು ಬೆರೆಸಿರುವ ಪ್ಲಾಸ್ಟಿಸೈಜರ್ ಎಂಬ ರಾಸಾಯನಿಕ ವರ್ಷಗಟ್ಟಲೆ ತಾಗಿಕೊಂಡಿದ್ದ ಕಡೆ ಪಾಲಿಸ್ಟೈರಿನ್ ಪ್ಲಾಸ್ಟಿಕ್ಕನ್ನು ಕರಗಿಸಿಬಿಡುತ್ತದೆ. ಗಾಜಿನ ಭಾಗ ಅದಕ್ಕೆ ತಾಗಿದ್ದರೆ ಟ್ರೆಡ್ಡಿನ ಗುರುತು ಹಾಗೇ ಅಚ್ಚೊತ್ತಿರುತ್ತದೆ, ಅದನ್ನು ಉಜ್ಜಿ ಸರಿಮಾಡುವುದು ಬಹಳ ಕಷ್ಟ. ಕಟ್ಟಿ ಮುಗಿಸಿದ ಮಾಡೆಲಿಗೂ ಇದು ಅನ್ವಯಿಸುತ್ತದೆ. ವಿನೈಲ್ ಟೈರ್ ಹಾಕುವ ಮೊದಲು ರಿಮ್ಮಿನ ಸುತ್ತ ಫಾಯಿಲಿನ ಒಂದು ತೆಳು ಪಟ್ಟಿ ಸುತ್ತಿಬಿಡಿ.