ಬಿಗಿದ ಮುಷ್ಟಿಗೆ ಬೊಟಾಕ್ಸ್

ಲಕ್ವ ಹೊಡೆದು ಒಂದೂವರೆ ವರ್ಷವಾಗಿತ್ತು. ಅಜ್ಜಿಯ ಎಡಗೈ ಮುಷ್ಟಿ ಬಿಚ್ಚುತ್ತಲೇ ಇರಲಿಲ್ಲ. ಒಂದೊಂದೇ ಬೆರಳನ್ನು ಮೆಲ್ಲಗೆ ಎತ್ತಿ ನೋಡಿದೆ. ಅಂಗೈಯಲ್ಲಿ ಉಗುರು ಒತ್ತಿದ ನಾಲ್ಕು ಗುರುತು, ಬೆವರಿಗೆ ನೆಂದು ಬೆಳ್ಳಗಾದ ಚರ್ಮ, ವಾಸನೆ. ಏನಾಗಬೇಕು ಹೇಳಿ ಅಂದೆ. "ಕೈ ತೊಳೆದು ಉಗುರು ತೆಗೆಯೋಕಾದ್ರೆ ಸಾಕು ಡಾಕ್ಟ್ರೇ" ಅಂದರು ಸೊಸೆ.

ಈ ಪ್ರಶ್ನೆಯನ್ನು ಮೊದಲು ಕೇಳಬೇಕು ಅಂತ ನಾನು ತಪ್ಪು ಮಾಡಿ ಕಲಿತೆ. ಶುರುವಿನಲ್ಲಿ ಒಬ್ಬರ ತೊಡೆಯ ಮುಂದಿನ ಸ್ನಾಯು ಕಲ್ಲಿನ ಹಾಗಿದೆ ಅಂತ ಅಲ್ಲಿಗೇ ಬೊಟಾಕ್ಸ್ ಚುಚ್ಚಿದ್ದೆ, ಬಿಗಿದ ಸ್ನಾಯುವನ್ನು ಕೆಲವು ತಿಂಗಳು ಸಡಿಲಿಸುವ ಔಷಧಿ ಅದು. ಬಿಗಿತವೇನೋ ಹೋಯಿತು, ಆದರೆ ಅವರು ನಿಲ್ಲುತ್ತಿದ್ದದ್ದೇ ಆ ಬಿಗಿತದ ಆಸರೆಯಲ್ಲಿ, ಎರಡು ವಾರದಲ್ಲಿ ಮೊಣಕಾಲು ಕುಸಿಯತೊಡಗಿತು. ಒಮ್ಮೆ ಒಳಗೆ ಹೋದ ಔಷಧಿಯನ್ನು ವಾಪಸ್ ತೆಗೆಯಲಾಗುವುದಿಲ್ಲ ಅಲ್ವಾ, ಸುಮಾರು ಮೂರು ತಿಂಗಳು ಅವರು ವಾಕರ್ ಹಿಡಿದೇ ಓಡಾಡಬೇಕಾಯಿತು. ಆ ಬೇಸರ ನನಗೆ ಇನ್ನೂ ಇದೆ. ಈಗ ರೋಗಿ ಎದ್ದು ನಡೆಯುವುದನ್ನು ನೋಡದೆ ಕಾಲಿಗೆ ಸೂಜಿ ಹಾಕುವುದಿಲ್ಲ.

ಅಜ್ಜಿಯ ಆ ಕೈ ಏನೂ ಹಿಡಿಯುತ್ತಿರಲಿಲ್ಲ, ಸಡಿಲಿಸಿದರೆ ನಷ್ಟವಿರಲಿಲ್ಲ. ನಿಧಾನಕ್ಕೆ ಎಳೆದರೆ ಬೆರಳು ಬಿಚ್ಚುತ್ತಿತ್ತು, ಅಂದರೆ ಕೀಲು ಇನ್ನೂ ಅಂಟಿಕೊಂಡಿರಲಿಲ್ಲ. ಅಂಟಿಕೊಂಡಿದ್ದರೆ ಈ ಇಂಜೆಕ್ಷನ್ ಸುಮ್ನೆ ದುಡ್ಡು ದಂಡ.

ಫ್ರಿಜ್‌ನಿಂದ ಬೊಟಾಕ್ಸ್‌ನ 100 ಯೂನಿಟ್‌ನ ಬಾಟಲಿ ತೆಗೆದು 2 ಮಿ.ಲೀ. ಸಲೈನ್ ಬೆರೆಸಿದೆ. ಕುಲುಕಬಾರದು, ಮೆಲ್ಲಗೆ ತಿರುಗಿಸಬೇಕು. (ಒಂದು ಬ್ರ್ಯಾಂಡಿನ ಯೂನಿಟ್ ಇನ್ನೊಂದಕ್ಕೆ ಸಮ ಅಲ್ಲ, ಇದನ್ನು ಮಾತ್ರ ಮರೆಯಲೇಬೇಡಿ.) ಬೆರಳು ಮಡಚುವ ಎರಡು ಸ್ನಾಯುಗಳು ಮೊಣಕೈ ಕೆಳಗೆ ಒಂದರ ಅಡಿ ಒಂದು ಇರುತ್ತವೆ, ನಡುವೆ ಮೀಡಿಯನ್ ನರ ಹಾದುಹೋಗುತ್ತದೆ. ಅಂದಾಜಿನಲ್ಲಿ ಚುಚ್ಚುವ ಜಾಗ ಅಲ್ಲ ಅದು. ಅಲ್ಟ್ರಾಸೌಂಡ್‌ನಲ್ಲಿ ಸೂಜಿಯ ತುದಿ ನೋಡುತ್ತಾ ಒಂದೊಂದಕ್ಕೆ 40 ಯೂನಿಟ್ ಕೊಟ್ಟೆ.

ಮೂರನೇ ದಿನ ಸೊಸೆ ಫೋನ್ ಮಾಡಿ "ಏನೂ ಆಗಿಲ್ವಲ್ಲ" ಅಂದರು. ಸ್ನಾಯುವಿಗೆ ಬಿಗಿಯಾಗು ಅಂತ ಹೇಳುವ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ನರದ ತುದಿಯಿಂದ ಹೊರಬರುವುದು ನಿಲ್ಲಬೇಕು, ಅದಕ್ಕೆ ಕೆಲವು ದಿನ ಬೇಕು, ಕಾಯಿರಿ ಅಂದೆ. ಅಷ್ಟರಲ್ಲಿ ಫಿಸಿಯೋ ಶುರುವಾಯಿತು. ದಿನಾ ಬೆರಳು ಎಳೆಯುವುದು, ರಾತ್ರಿ ಬೆರಳು ಬಿಚ್ಚಿರುವಂತೆ ಹಿಡಿದಿಡುವ ಸ್ಪ್ಲಿಂಟ್. ಇದನ್ನು ಮಾಡದಿದ್ದರೆ ಸೂಜಿಯಿಂದ ಜಾಸ್ತಿ ಏನೂ ಸಿಗುವುದಿಲ್ಲ.

ಮೂರನೇ ವಾರ ಬಂದಾಗ ಅಂಗೈ ಒಣಗಿತ್ತು, ಉಗುರಿನ ಗುರುತು ಮಾಸಿತ್ತು. ಸೊಸೆ ಬ್ಯಾಗಿನಿಂದ ನೇಲ್ ಕಟರ್ ತೆಗೆದು ನನ್ನೆದುರೇ ಕಿರುಬೆರಳಿನ ಉಗುರು ತೆಗೆದರು. ಅಜ್ಜಿ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.